ಪಾರ್ಶ್ವವಾಯುವಿನ ಮನೆಯಲ್ಲಿ ಇಬ್ಬರು ರೋಗಿಗಳು

ವಾತವ್ಯಾಧಿಗಳಲ್ಲಿ ಅತಿ ಘೋರವಾದ ಒಂದನ್ನು ಸುಶ್ರುತನು ಪಕ್ಷಾಘಾತವೆಂದೂ ಚರಕನು ಪಕ್ಷವಧವೆಂದೂ ಕರೆದಿರುವರು. ಪಕ್ಷವೆಂದರೆ ದೇಹದ ಒಂದು ಮಗ್ಗುಲು. ಪಕ್ಷವೆಂದರೆ ರೆಕ್ಕೆಯೂ ಹೌದು. ರೆಕ್ಕೆಯೊಂದು ಬಡಿಯಲಾರದೆ ನೆಲಕ್ಕೆ ಬಿದ್ದ ಹಕ್ಕಿಯ ಚಿತ್ರವು ಆ ಹೆಸರಿನಲ್ಲಿಯೇ ಅಡಗಿದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಕಡೆಯ ಜನರು ಇದನ್ನು ಲಕ್ವ ಹೊಡೆಯಿತೆನ್ನುವರು. ಹೆಸರು ಯಾವುದಾದರೇನು? ನಿನ್ನೆ ಸಂಜೆ ಹೊಲದಿಂದ ದನಗಳನ್ನು ಹೊಡೆದುಕೊಂಡು ಬಂದ ಯಜಮಾನನು ಇಂದು ಬೆಳಗ್ಗೆ ಎದ್ದು ಕೂರಲಾರದೆ, ಹೆಂಡತಿಯ ಹೆಸರನ್ನು ಹಿಡಿದು ಕೂಗಲಾರದೆ ಮಲಗಿರುವನು.

ಇಂಥವರ ಕೈಕಾಲುಗಳ ಚಿಕಿತ್ಸೆಯ ವಿಚಾರವಾಗಿ ಹೇಳುವವರು ಬೇಕಾದಷ್ಟು ಮಂದಿ ಉಂಟು. ರೋಗಿಯ ಮನಸ್ಸಿಗೆ ಏನಾಯಿತು, ಅವನ ಮಗ್ಗುಲಲ್ಲಿ ಹಗಲಿರುಳು ಕುಳಿತಿರುವವಳಿಗೆ ಏನಾಗುತ್ತಿದೆ ಎಂದು ಕೇಳುವವರು ಮಾತ್ರ ವಿರಳ. ಹೊಳವನಹಳ್ಳಿಯಂಥ ಊರಿನಲ್ಲಿ ಯಾರ ಮನೆಯ ಕಷ್ಟವೂ ಮರೆಯಲ್ಲಿರುವುದಿಲ್ಲ. ಆದರೂ ಈ ಕಷ್ಟವನ್ನು ಕಂಡೂ ಕಾಣದಂತೆ ಇರುವ ಅಭ್ಯಾಸವು ನಮಗೆ ಹೇಗೋ ಬಂದುಬಿಟ್ಟಿದೆ. ಆದುದರಿಂದ ಆ ಎರಡು ಪ್ರಶ್ನೆಗಳನ್ನೇ ಇಲ್ಲಿ ವಿಚಾರಿಸುವೆನು.

ರೋಗದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡಬೇಕು. ಮೆದುಳಿಗೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು. ಇಲ್ಲವೆ ನಾಳವೇ ಒಡೆದು ರಕ್ತ ಸುರಿಯುವುದು. ಬಹುಪಾಲು ಮೊದಲನೆಯ ಬಗೆಯದೇ. ಹೆಪ್ಪನ್ನು ಕರಗಿಸುವ ಔಷಧವುಂಟು. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗಾಗಿ ಕೊಡಬೇಕು. ಕೊಡುವ ಮೊದಲು ತಲೆಯ ಸಿ.ಟಿ. ಚಿತ್ರವನ್ನು ತೆಗೆಯಿಸಿ ರಕ್ತಸ್ರಾವವಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಬಾಯಿ ಸೊಟ್ಟಗಾಗುವುದು, ಒಂದು ತೋಳು ಜೋಲುಬೀಳುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ತಟ್ಟನೆ ಕಂಡರೂ ಸಾಕು, ಕೂಡಲೆ 108ಕ್ಕೆ ದೂರವಾಣಿ ಮಾಡತಕ್ಕದ್ದು. ಗಾಳಿ ಸೋಕಿತೆಂದು ಮಂತ್ರ ಹಾಕಿಸುವುದರಲ್ಲಿಯೂ, ಪಾರಿವಾಳವನ್ನು ಕೊಯ್ದು ಅದರ ರಕ್ತವನ್ನು ಕೈಕಾಲಿಗೆ ಬಳಿಯುವುದರಲ್ಲಿಯೂ ಕಳೆದುಹೋಗುವ ಹೊತ್ತು ಮತ್ತೆ ಬರತಕ್ಕದ್ದಲ್ಲ. ಪಾಪ, ಆ ಪಾರಿವಾಳವಾದರೂ ಮಾಡಿದ ಅಪರಾಧವೇನು?

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೊದಲ ಹದಿನೈದು ದಿನ ಜಗಲಿಯ ತುಂಬ ಜನ. ಎಳನೀರು ಬರುವುದು, ಕಿತ್ತಳೆಹಣ್ಣು ಬರುವುದು, ಬ್ರೆಡ್ಡು ಬರುವುದು. ಬಂದವರು ಮಂಚದ ಪಕ್ಕದಲ್ಲಿಯೇ ನಿಂತು, "ಅಯ್ಯೋ, ಹೆಂಗಿದ್ದ ಮನುಷ್ಯ ಹೆಂಗಾಗಿಹೋದ!" ಎನ್ನುವರು, ಮತ್ತೊಬ್ಬರು, "ಇದು ವಾಸಿಯಾಗೋ ಕಾಯಿಲೆಯಲ್ಲ ಬಿಡಮ್ಮ, ನಮ್ಮ ಭಾವನೂ ಹಿಂಗೇ ಮೂರು ವರ್ಷ ಮಲಗಿದ್ರು" ಎಂದು ಸಮಾಧಾನ ಹೇಳುವರು. ಮಲಗಿದವನು ಕಿವುಡನಲ್ಲವೆಂಬುದು ಒಬ್ಬರಿಗೂ ಹೊಳೆಯುವುದಿಲ್ಲ. ಅವನು ಅದೆಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆಗೆ ಮುಖ ತಿರುಗಿಸುವನು. ಮೂರನೆಯ ತಿಂಗಳಿನ ಹೊತ್ತಿಗೆ ಜಗಲಿ ಬರಿದಾಗುವುದು. ವಿಚಿತ್ರವೇನೆಂದರೆ, ರೋಗಿಯ ಮನಸ್ಸು ಕುಸಿಯುವುದಕ್ಕೆ ಹೆಚ್ಚು ಅವಕಾಶವಾಗುವುದು ಈ ಕಾಲದಲ್ಲಿಯೇ. ಮೊದಲ ವಾರಗಳಲ್ಲಿ ದಿನಕ್ಕೊಂದು ಚೇತರಿಕೆ ಕಂಡು ಆಸೆ ಹುಟ್ಟುವುದು. ಮೂರು ತಿಂಗಳು ಕಳೆದ ಮೇಲೆ ಚೇತರಿಕೆಯು ನಿಲ್ಲದಿದ್ದರೂ ಮೆಲ್ಲಗಾಗುವುದು. "ಇನ್ನು ಇಷ್ಟೇ" ಎಂಬ ಮಾತನ್ನು ಅವನು ತನಗೆ ತಾನೇ ಹೇಳಿಕೊಳ್ಳುವಾಗ ಹತ್ತಿರದಲ್ಲಿ ಯಾರೂ ಇರುವುದಿಲ್ಲ.

ಇದರೊಡನೆ ಇನ್ನೊಂದು ನಷ್ಟವೂ ಸೇರುವುದು. ಬೀಗದ ಕೈಗೊಂಚಲು ಮಗನ ಸೊಂಟಕ್ಕೆ ಹೋಗುವುದು. ಎತ್ತು ಮಾರಿದ್ದು, ಕಡಲೆಕಾಯಿಯ ಬೆಲೆ ಕುದುರಿದ್ದು, ಮೊಮ್ಮಗಳಿಗೆ ಗಂಡು ನೋಡಿದ್ದು, ಎಲ್ಲವೂ ಅವನಿಗೆ ಆಮೇಲೆ ತಿಳಿಯುವುದು. ಆಯಾಸಪಡಿಸಬಾರದೆಂಬ ಸದುದ್ದೇಶದಿಂದಲೇ ಮನೆಯವರು ಹೀಗೆ ಮಾಡುವರೆಂಬುದು ನಿಜ. ಆದರೆ ನಲವತ್ತು ವರ್ಷ ಯಜಮಾನಿಕೆ ನಡೆಸಿದವನಿಗೆ ಇದು ಜೀವವಿರುವಾಗಲೇ ತನ್ನ ತಿಥಿಯ ಊಟವನ್ನು ತಾನೇ ನೋಡಿದಂತಾಗುವುದು. ಮಾತನಾಡಲಾರದಿದ್ದರೆ ತಲೆಯಾಡಿಸಿಯಾನು, ಕೇಳುವುದಕ್ಕೇನು ಖರ್ಚು?

ಪಾರ್ಶ್ವವಾಯುವಾದವರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರಂತೆ ವಿಷಾದರೋಗಕ್ಕೆ, ಎಂದರೆ ಖಿನ್ನತೆಗೆ, ಒಳಗಾಗುವರೆಂದು ನಾನಾ ದೇಶಗಳಲ್ಲಿ ನಡೆದ ಪರಿಶೀಲನೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿರುವರು. ಊಟ ಬೇಡ, ನಿದ್ರೆ ಬಾರದು, ವ್ಯಾಯಾಮ ಮಾಡಿಸಲು ಬಂದವರನ್ನು ಕಂಡರೆ ಕೋಪ. ಮನೆಯವರು ಇದನ್ನು ಹಟವೆನ್ನುವರು, ಸೋಮಾರಿತನವೆನ್ನುವರು. ಇದು ದುಃಖದಿಂದಲೂ ಹುಟ್ಟುವುದು, ಮೆದುಳಿಗಾದ ಗಾಯದಿಂದಲೂ ಹುಟ್ಟುವುದು. ಎರಡನ್ನೂ ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ. ಔಷಧವಿಲ್ಲವೆ ಎಂದರೆ, ಉಂಟು. ಆದರೆ ಅದನ್ನು ಎಲ್ಲರಿಗೂ ಹಂಚುವುದು ಸರಿಯಲ್ಲ. ಬ್ರಿಟನ್ನಿನಲ್ಲಿ ಮೂರು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ಫ್ಲುವಾಕ್ಸೆಟೀನ್ ಎಂಬ ಗುಳಿಗೆಯನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲವು 2018ರಲ್ಲಿ ಪ್ರಕಟವಾಯಿತು. ಅದರಿಂದ ಖಿನ್ನತೆ ತಗ್ಗಿತು. ಕೈಕಾಲುಗಳ ಶಕ್ತಿಯೇನೂ ಹೆಚ್ಚಲಿಲ್ಲ. ಮೂಳೆ ಮುರಿದುಕೊಂಡವರ ಸಂಖ್ಯೆ ಮಾತ್ರ ಹೆಚ್ಚಿತು. ಆದುದರಿಂದ ಯಾರಿಗೆ ಬೇಕೋ ಅವರಿಗೆ, ವೈದ್ಯರು ನೋಡಿ ಹೇಳಿದ ಮೇಲೆ ಎಂಬುದೇ ಮಾರ್ಗ.

ಕೆಲವರಿಗೆ ಅಳು ತಾನಾಗಿ ಬರುವುದು. ಮೊಮ್ಮಗುವು ಬಂದು "ತಾತ" ಎಂದರೆ ಅಳು. ಸಾವಿನ ಸುದ್ದಿ ಬಂದಾಗ ನಗು. ಇದು ಮನಸ್ಸಿನ ಭಾವವಲ್ಲ. ಭಾವವನ್ನು ಹಿಡಿದಿಡುವ ಕಡಿವಾಣವು ಮೆದುಳಿನಲ್ಲಿ ಸಡಿಲವಾದುದರ ಗುರುತು. ಇದನ್ನು ಮನೆಯವರಿಗೆ ಒಮ್ಮೆ ತಿಳಿಸಿದರೆ ಸಾಕು, ಅರ್ಧ ನಾಚಿಕೆ ನಿವಾರಣೆಯಾಗುವುದು. ಮೆದುಳಿನ ಬಲಭಾಗಕ್ಕೆ ಏಟಾದವರಲ್ಲಿ ಇದಕ್ಕಿಂತಲೂ ಸೋಜಿಗವಾದದ್ದೊಂದನ್ನು ಕಾಣಬಹುದು. ಎಡಗಡೆಯ ಪ್ರಪಂಚವೇ ಅವರ ಲೆಕ್ಕದಿಂದ ಜಾರಿಹೋಗುವುದು. ಎಲೆಯ ಬಲಭಾಗದಲ್ಲಿದ್ದುದನ್ನು ಉಂಡು, ಎಡತುದಿಯ ಕೋಸಂಬರಿಯನ್ನು ಕಾಣದೆ, "ನನಗೆ ಮಾತ್ರ ಬಡಿಸಲಿಲ್ಲ" ಎಂದು ಸೊಸೆಯ ಮೇಲೆ ರೇಗುವರು. ಸೊಸೆಯು ಕಣ್ಣೀರು ಹಾಕುವ ಬದಲು ಎಲೆಯನ್ನೊಮ್ಮೆ ತಿರುಗಿಸಿಟ್ಟರೆ ಜಗಳವಿಲ್ಲ.

ಮಾತಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಮನೆಯವರು ಅತ್ಯಂತ ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲಿಯೇ. ಬಲಗೈ ಸೋತವರಲ್ಲಿ ಅನೇಕರಿಗೆ ಮಾತೂ ಕೆಡುವುದು. ಇದನ್ನು ವೈದ್ಯರು ಅಫೇಸಿಯಾ ಎನ್ನುವರು. 1861ರಲ್ಲಿ ಪ್ಯಾರಿಸ್ ನಗರದ ಬ್ರೋಕಾ ಎಂಬ ವೈದ್ಯನು, ಬಲಮಗ್ಗುಲು ಸೋತಿದ್ದ ಒಬ್ಬ ರೋಗಿಯನ್ನು ಕಂಡನು. ಆತನು ಏನು ಕೇಳಿದರೂ "ಟಾನ್, ಟಾನ್" ಎಂದಷ್ಟೇ ಉತ್ತರ ಕೊಡುತ್ತಿದ್ದನು; ಕೈಸನ್ನೆಯಿಂದ ಮಾತ್ರ ಬಹಳಷ್ಟನ್ನು ತಿಳಿಸಬಲ್ಲವನಾಗಿದ್ದನು; ಎದುರಿನವರಿಗೆ ತಿಳಿಯದೆಹೋದಾಗ ಸಿಟ್ಟು ಬಂದು ಒಂದು ಬೈಗುಳವನ್ನು ಸ್ಪಷ್ಟವಾಗಿ ಆಡುತ್ತಿದ್ದನು! ಅವನು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಮಾತನ್ನು ಹೊರಡಿಸುವ ಸ್ಥಾನವಿರುವುದೆಂದು ಬ್ರೋಕಾ ಸಾರಿದನು. ಜೀವಮಾನದಲ್ಲಿ ಕೆಟ್ಟ ಮಾತನ್ನಾಡದ ಸಭ್ಯರೊಬ್ಬರು ಲಕ್ವ ಹೊಡೆದ ಮೇಲೆ ಬೈಯುವುದನ್ನು ಕೇಳಿ ಮನೆಯ ಹೆಂಗಸರು ತಲೆತಗ್ಗಿಸುವ ಪ್ರಸಂಗವು ನಮ್ಮಲ್ಲಿಯೂ ಉಂಟು. ಯೋಚಿಸಿ ಕಟ್ಟಬೇಕಾದ ಮಾತು ಹೋದರೂ, ಯೋಚನೆಯಿಲ್ಲದೆ ನಾಲಗೆಯ ಮೇಲೆ ಬರುವ ಮಾತು ಉಳಿಯುವುದೇ ಇದರ ಗುಟ್ಟು. ಹೆಂಡತಿಯ ಹೆಸರು ಹೇಳಲಾರದವನು "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು" ಎಂದು ಮಗ್ಗಿಯನ್ನು ಒಪ್ಪಿಸಬಲ್ಲನು. ವಾರಗಳ ಹೆಸರನ್ನು ಸಾಲಾಗಿ ಹೇಳಬಲ್ಲನು. ದೇವರನಾಮವನ್ನು ರಾಗವಾಗಿ ಹಾಡಬಲ್ಲನು. ಇದನ್ನು ಕೇಳಿದವರು, "ನೋಡಿ, ಎಲ್ಲ ಬರುತ್ತೆ, ಬೇಕಂತಲೇ ಸುಮ್ಮನಿದ್ದಾರೆ" ಎನ್ನುವರು. ಇದು ದೊಡ್ಡ ಅನ್ಯಾಯ. ಹಾಡಿನಲ್ಲಿ ಮಾತು ಉಳಿಯುವುದನ್ನೇ ಆಧಾರವಾಗಿಟ್ಟುಕೊಂಡು, ರಾಗದ ಮೂಲಕ ಮಾತು ಕಲಿಸುವ ಒಂದು ಕ್ರಮವನ್ನು 1973ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು.

ನಮ್ಮ ಈ ಗಡಿಸೀಮೆಗೆ ವಿಶೇಷವಾಗಿ ಸಲ್ಲುವ ಮಾತೊಂದುಂಟು. ಪಾವಗಡ, ಮಧುಗಿರಿಗಳ ಕಡೆಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಸಂತೆಯಲ್ಲಿ ಕನ್ನಡ. ಇಂಥವರಿಗೆ ಮಾತು ಕೆಟ್ಟಾಗ ಎರಡು ಭಾಷೆಗಳೂ ಒಟ್ಟಿಗೇ ಮರಳಬೇಕೆಂಬ ನಿಯಮವಿಲ್ಲ. ಬಾಲ್ಯದ ಭಾಷೆ ಮೊದಲು ಬರುವುದೆಂದು ಕೆಲವರೂ, ರೋಗಕ್ಕೆ ಮುಂಚೆ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಬರುವುದೆಂದು 1895ರಲ್ಲಿ ಪಿತ್ರ್ ಎಂಬ ಫ್ರೆಂಚ್ ವೈದ್ಯನೂ ಹೇಳಿದರು. ಎರಡು ಬಗೆಯವರೂ ಇದ್ದಾರೆ. ಆದುದರಿಂದ ಕನ್ನಡದಲ್ಲಿ ಮಾತನಾಡಿಸಿ ಉತ್ತರ ಬಾರದಿದ್ದರೆ ತೆಲುಗಿನಲ್ಲಿ ಮಾತನಾಡಿಸಿ ನೋಡಬೇಕು; ಉರ್ದುವಿನ ಮನೆಯಾದರೆ ಉರ್ದುವಿನಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಇಂಥವರಿಗೆ ಮಾತು ಕಲಿಸುವ ಪಾಠಕ್ರಮವನ್ನು ಕನ್ನಡದಲ್ಲಿಯೇ ಸಿದ್ಧಪಡಿಸಿರುವರು.

ಮನೆಯಲ್ಲಿ ಮಾಡಬೇಕಾದುದು ಬಹಳವಿಲ್ಲ. ಒಂದು ಸಲಕ್ಕೆ ಒಂದೇ ಮಾತು ಕೇಳುವುದು, "ಕಾಫಿಯೋ, ಹಾಲೋ?" ಎಂದು ಎರಡನ್ನೂ ಕಣ್ಣಿಗೆ ತೋರಿಸುವುದು, ಉತ್ತರಕ್ಕೆ ಕಾಯುವುದು, ಅವರ ಬಾಯಿಂದ ಮಾತನ್ನು ಕಿತ್ತುಕೊಂಡು ತಾವೇ ಮುಗಿಸದಿರುವುದು. ಸಂಸ್ಕೃತದಲ್ಲಿ ರೋಗಿಯ ಆರೈಕೆಗೆ ಶುಶ್ರೂಷೆಯೆಂದು ಹೆಸರಷ್ಟೆ. ಈ ಪದವು ಬಂದಿರುವುದು ಕೇಳು ಎಂಬರ್ಥದ ಶ್ರು ಧಾತುವಿನ ಇಚ್ಛಾರ್ಥಕ ರೂಪದಿಂದ. ಕೇಳಬೇಕೆಂಬ ಬಯಕೆಯೇ ಶುಶ್ರೂಷೆ. ಕಾಲೊತ್ತುವುದೂ ಎಣ್ಣೆ ನೀವುವುದೂ ಆಮೇಲಿನ ಅರ್ಥಗಳು.

ಈಗ ಎರಡನೆಯ ರೋಗಿಯ ವಿಷಯ. ಹದಿನಾರನೆಯ ಶತಮಾನದಲ್ಲಿ ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯವರು, ವಾತರೋಗದಿಂದ ನರಳುತ್ತಿದ್ದ ತಮ್ಮ ಗುರು ಅಚ್ಯುತ ಪಿಷಾರಟಿಯವರ ರೋಗವನ್ನು ಪ್ರಾರ್ಥಿಸಿ ತಮ್ಮ ಮೈಗೆ ತಂದುಕೊಂಡರೆಂದೂ, ಆ ಬಾಧೆಯ ಪರಿಹಾರಕ್ಕಾಗಿಯೇ ಗುರುವಾಯೂರಿನಲ್ಲಿ ಕುಳಿತು ನಾರಾಯಣೀಯವನ್ನು ರಚಿಸಿದರೆಂದೂ ಪರಂಪರೆಯ ಕಥೆ. ಕಥೆಯ ಸತ್ಯಾಸತ್ಯತೆ ಹಾಗಿರಲಿ, ಸೇವೆ ಮಾಡಿದವನ ಮೈಗೆ ರೋಗವು ಹತ್ತಿತೆಂಬ ಅಂಶವು ಇಂದಿಗೂ ಮನೆಮನೆಯ ಸತ್ಯವಾಗಿದೆ. ಆ ಮನೆಗಳಲ್ಲಿ ಅದು ಹತ್ತುವುದು ಹೆಚ್ಚಾಗಿ ಹೆಂಡತಿಗೆ, ಇಲ್ಲವೆ ಸೊಸೆಗೆ, ಇಲ್ಲವೆ ಮದುವೆಯಾಗದೆ ಉಳಿದ ಮಗಳಿಗೆ. ಹಾಸಿಗೆಹುಣ್ಣಾಗದಂತೆ ರಾತ್ರಿಯಲ್ಲಿಯೂ ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಬೇಕು, ಬಟ್ಟೆ ಬದಲಾಯಿಸಬೇಕು, ನುಂಗುವಾಗ ನೆತ್ತಿಗೇರದಂತೆ ಕೂರಿಸಿ ತುತ್ತುತುತ್ತಾಗಿ ಉಣಿಸಬೇಕು. ಕೂಲಿಯಿಲ್ಲ, ತವರಿಲ್ಲ, ಜಾತ್ರೆಯಿಲ್ಲ, ನಿದ್ರೆಯಿಲ್ಲ. ಮಾವನ ಮೈ ತೊಳೆಯಬೇಕಾದ ಸೊಸೆಯ ಸಂಕೋಚವನ್ನೂ, ತೊಳೆಯಿಸಿಕೊಳ್ಳಬೇಕಾದ ಮಾವನ ಸಂಕೋಚವನ್ನೂ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಗಂಡಹೆಂಡಿರಾದರೂ ನರ್ಸೂ ರೋಗಿಯೂ ಆಗಿ ಉಳಿದುಬಿಡುವರು. ನಡುರಾತ್ರಿಯಲ್ಲಿ ಒಂದು ಸಲ, "ದೇವರು ಇವರನ್ನು ಬೇಗ ಕರೆದುಕೊಂಡರೆ ಸಾಕು" ಎಂಬ ಯೋಚನೆ ಅವಳ ಮನಸ್ಸಿನಲ್ಲಿ ಮಿಂಚಿ ಮಾಯವಾಗುವುದು. ಬೆಳಗಾದ ಮೇಲೆ ಮಹಾಪಾಪ ಮಾಡಿದಂತೆ ಬೆದರುವಳು. ಅದು ಪಾಪವಲ್ಲ, ದಣಿವು. ಅವಳಿಗೆ ಹಾಗೆಂದು ಹೇಳುವವರು ಒಬ್ಬರಾದರೂ ಇರಬೇಕು.

ನಾವೇನು ಮಾಡುವೆವು? ಅವಳನ್ನು ಸಾವಿತ್ರಿಯೆಂದು ಹೊಗಳುವೆವು. ಸಾವಿತ್ರಿಯು ಯಮನ ಹಿಂದೆ ನಡೆದದ್ದು ಒಂದು ರಾತ್ರಿಯ ಮಾತು. ಇವಳದು ವರ್ಷಗಳ ನಡಿಗೆ. ಹೊಗಳಿಕೆಯು ಬಹು ಅಗ್ಗದ ಸಂಬಳವೆಂದು ನನ್ನ ಅಭಿಪ್ರಾಯ.

ಮನೆಯವರಿಗೇ ವ್ಯಾಯಾಮಾದಿಗಳನ್ನು ಕಲಿಸಿಬಿಟ್ಟರೆ ಸಾಲದೆ ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಿ ನೋಡಿರುವರು. 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರ ಮನೆಯವರಿಗೆ ಶಿಕ್ಷಣ ಕೊಟ್ಟರು. 2017ರಲ್ಲಿ ಪ್ರಕಟವಾದ ಫಲವೇನೆಂದರೆ, ಆರು ತಿಂಗಳಾದ ಮೇಲೆ ತೀರಿಕೊಂಡವರೂ ಪರಾವಲಂಬಿಗಳಾಗಿ ಉಳಿದವರೂ ಸೇರಿ ಎರಡು ಪಂಗಡಗಳಲ್ಲಿಯೂ ನೂರಕ್ಕೆ 47ರಂತೆಯೇ ಇದ್ದರು. 2004ರಲ್ಲಿ ಲಂಡನ್ನಿನ ಒಂದು ಪರೀಕ್ಷೆಯಲ್ಲಿ, ಶಿಕ್ಷಣ ಪಡೆದ ಶುಶ್ರೂಷಕರ ಹೊರೆಯೂ ಚಿಂತೆಯೂ ತಗ್ಗಿದುದು ಕಂಡುಬಂದಿತ್ತು. ಅದನ್ನೇ ಬ್ರಿಟನ್ನಿನ 36 ಕಡೆ ಮಾಡಿ ನೋಡಿದಾಗ, 2013ರ ವರದಿಯ ಪ್ರಕಾರ, ಆ ಲಾಭವೂ ಕಾಣಲಿಲ್ಲ. ಕಲಿಸುವುದು ಬೇಡವೆಂದು ಇದರ ಅರ್ಥವಲ್ಲ. ಎಲ್ಲವನ್ನೂ ಅವಳ ತಲೆಗೇ ಕಟ್ಟಿ, "ಕಲಿಸಿದ್ದೇವಲ್ಲ" ಎಂದು ಕೈ ತೊಳೆದುಕೊಳ್ಳುವುದು ಸಲ್ಲದೆಂದು ನಾನು ಅರ್ಥಮಾಡಿಕೊಂಡಿರುವೆನು.

ಸರಕಾರದ ಕಡೆಯಿಂದ ದೊರೆಯತಕ್ಕ ನೆರವನ್ನು ಕೇಳಿ ಪಡೆಯಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಎಣಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಕೈಕಾಲುಗಳ ನ್ಯೂನತೆಯಷ್ಟೇ ಅಲ್ಲ, ಮೆದುಳಿನ ದೋಷದಿಂದಾದ ಶಾಶ್ವತ ಮಾತುಗೇಡೂ ಸೇರಿದೆ. ಅಫೇಸಿಯಾ ಎಂಬ ಹೆಸರನ್ನೇ ಹಿಡಿದು ಹೇಳಿದ್ದಾರೆ. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ವೈದ್ಯರು ದೃಢಪಡಿಸಿದರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುವುದು. (ವಿಕಲಚೇತನವೆಂಬ ಪದವನ್ನು ಬಿಡಿಸಿದರೆ ಚೇತನವೇ ವಿಕಲವಾದವನೆಂದಾಗುವುದು, ಆ ಪದವನ್ನು ಟಂಕಿಸಿದವರಿಗೆ ಅಂಥ ಉದ್ದೇಶ ಇದ್ದಿರಲಾರದು.) ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರುಂಟು, ಅರ್ಜಿ, ಗುರುತಿನ ಚೀಟಿಗಳ ಕೆಲಸಕ್ಕೆ ಮೊದಲು ಅವರನ್ನು ಕಾಣಬೇಕು. 2014ರಲ್ಲಿ ರಾಜ್ಯ ಸರಕಾರವು ಮನೋಚೈತನ್ಯವೆಂಬ ಹೆಸರಿನಿಂದ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೆದುಳಿನ ವೈದ್ಯವೂ ಮನಸ್ಸಿನ ವೈದ್ಯವೂ ಒಂದೇ ಆವರಣದಲ್ಲಿ ದೊರೆಯುವುವು. ಅಷ್ಟು ದೂರ ಹೋಗಲಾರದವರು, ಮಲಗಿದವರೇ ಆಗಲಿ ಆರೈಕೆ ಮಾಡುವವರೇ ಆಗಲಿ, ಬದುಕೇ ಬೇಡವೆನಿಸಿದ ಘಳಿಗೆಯಲ್ಲಿ 14416ಕ್ಕೆ ದೂರವಾಣಿ ಮಾಡಿದರೆ ಹಗಲಿರುಳೆನ್ನದೆ ಮಾತನಾಡುವವರು ಸಿಕ್ಕುವರು; ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯು 2022ರ ಅಕ್ಟೋಬರಿನಲ್ಲಿ ಆರಂಭವಾಯಿತು.

ಇಷ್ಟಾದರೂ ಸರಕಾರವು ದಿನವೂ ಮನೆಗೆ ಬಂದು ಕೂರಲಾರದು. ಕೂರಬೇಕಾದವರು ನೆರೆಯವರು. ಇದು ಸಾಧ್ಯವೇ ಎನ್ನುವವರಿಗೆ ಒಂದು ನಿದರ್ಶನವನ್ನು ಹೇಳುವೆನು. 1965ರ ಫೆಬ್ರುವರಿಯಲ್ಲಿ ಅಮೆರಿಕದ ಚಿತ್ರನಟಿ ಪೆಟ್ರೀಷಿಯಾ ನೀಲ್ ಎಂಬಾಕೆಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಬಲಮಗ್ಗುಲೂ ಮಾತೂ ಹೋದುವು. ವಯಸ್ಸು 39, ಆಗ ಆಕೆ ಗರ್ಭಿಣಿ ಬೇರೆ. ಮಕ್ಕಳ ಕಥೆಗಳಿಗಾಗಿ ಪ್ರಸಿದ್ಧನಾದ ಆಕೆಯ ಗಂಡ ರೋಲ್ಡ್ ಡಾಲನು ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಎಂಬ ತಮ್ಮ ಹಳ್ಳಿಗೆ ಆಕೆಯನ್ನು ಕರೆತಂದು, ನೆರೆಹೊರೆಯವರನ್ನು ಸರದಿಯ ಮೇಲೆ ಕರೆಸಿ ಓದು, ಲೆಕ್ಕ, ಮಾತುಗಳನ್ನು ಮತ್ತೆ ಕಲಿಸುವ ಏರ್ಪಾಡು ಮಾಡಿದನು. ಅವನ ಬಿಗಿ ಅತಿಯಾಯಿತೆಂದು ಆಕ್ಷೇಪಿಸಿದವರೂ ಇದ್ದಾರೆ. ನನಗೂ ಹಾಗೆಯೇ ತೋರುವುದು. ಆದರೆ ಬಂದ ನೆರೆಯವರಲ್ಲಿ ವೈದ್ಯರಲ್ಲದ ವ್ಯಾಲರಿ ಈಟನ್ ಗ್ರಿಫಿತ್ ಎಂಬ ಮಹಿಳೆಯು ತಾಳ್ಮೆಯಿಂದ ಆ ಕೆಲಸವನ್ನು ಕೈಗೆತ್ತಿಕೊಂಡು, ಅನುಭವವನ್ನು 1970ರಲ್ಲಿ ಪುಸ್ತಕವಾಗಿ ಬರೆದಳು. 1973ರಲ್ಲಿ ಆಕೆಯ ಕ್ರಮವೇ ಆ ದೇಶದಲ್ಲಿ ಪಾರ್ಶ್ವವಾಯು ಪೀಡಿತರಿಗಾಗಿ ಸ್ವಯಂಸೇವಕರ ಯೋಜನೆಯಾಗಿ ಬೆಳೆಯಿತು. ನಟಿಯು 1968ರಲ್ಲಿ ಮತ್ತೆ ಚಿತ್ರದಲ್ಲಿ ಅಭಿನಯಿಸಿದಳು.

ಇಂಗ್ಲೆಂಡಿನವರಿಂದ ಇದನ್ನು ಕಲಿಯಬೇಕಾದ ದಾರಿದ್ರ್ಯ ನಮಗಿಲ್ಲ. ಬಾಣಂತಿಯ ಮನೆಯಲ್ಲಿ ಯಾರು ಏನು ಮಾಡಬೇಕೆಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಾದ ಮನೆಗೆ ಅಡಿಗೆ ಮಾಡಿ ಕಳುಹಿಸಬೇಕೆಂಬುದೂ ಗೊತ್ತು. ಹುಟ್ಟಿಗೂ ಸಾವಿಗೂ ಪದ್ಧತಿಯುಂಟು. ನಡುವಿನ ಈ ದೀರ್ಘ ರೋಗಕ್ಕೆ ಪದ್ಧತಿಯಿಲ್ಲ. ಆದರೆ ನಾಟಿಗೂ ಕೊಯ್ಲಿಗೂ ಮುಯ್ಯಾಳು ಎಂಬುದುಂಟಲ್ಲವೆ? ಈ ದಿನ ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಮಾತಿಲ್ಲ, ಮರೆಯುವ ಮಾತೂ ಇಲ್ಲ. ಅದನ್ನೇ ಇಲ್ಲಿಗೂ ತರಬಹುದು. ಬೀದಿಯ ಆರು ಮನೆಯವರು ವಾರಕ್ಕೆ ಒಂದೊಂದು ಗಂಟೆ ಹಂಚಿಕೊಂಡರೆ ಭಾನುವಾರವನ್ನು ಮನೆಯ ಮಕ್ಕಳು ನೋಡಿಕೊಳ್ಳುವರು. ಬಂದವರು ಕಾಯಿಲೆಯ ಮಾತೆತ್ತದೆ ವೃತ್ತಪತ್ರಿಕೆಯನ್ನು ಓದಿ ಹೇಳಲಿ. ಜಯಮಂಗಲಿಗೆ ನೀರು ಬಂದ ವರ್ಷಗಳನ್ನು ನೆನಪಿಸಿ, ಯಜಮಾನರಿಂದಲೇ ಹೇಳಿಸಲಿ, ತಡವಾದರೆ ಕಾಯಲಿ. ಅಳಗುಳಿಮಣೆಯನ್ನು ಹಾಸಿಗೆಯ ಮೇಲಿಟ್ಟು ಹುಣಿಸೆಬೀಜದ ಆಟವಾಡಲಿ. ಸೋತ ಕೈಯಲ್ಲಿ ಒಂದೊಂದೇ ಬೀಜ ಎತ್ತಿಡುವುದು ಒಳ್ಳೆಯ ವ್ಯಾಯಾಮ, ಮಕ್ಕಳನ್ನು ಕೂರಿಸಿಕೊಂಡರೆ ಬೇಸರವೂ ಇಲ್ಲ. ಹಿಡಿದೆಬ್ಬಿಸಬೇಕಾಗಿ ಬಂದರೆ ಸೋತ ತೋಳನ್ನು ಎಳೆಯದೆ ಮೈಗೆ ಆಸರೆ ಕೊಡಲಿ. ಎಳೆದರೆ ಭುಜದ ಕೀಲು ನೋಯುವುದು. ಮನೆಯಾಕೆ ಆ ಒಂದು ಗಂಟೆ ಹೊರಗೆ ಹೋಗಲಿ: ದೇವಸ್ಥಾನಕ್ಕಾಗಲಿ, ಗೆಳತಿಯ ಮನೆಗಾಗಲಿ, ಇಲ್ಲವೆ ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆಮಾಡಲಿ. ಬಂದವರಿಗೆ ಕಾಫಿ ಮಾಡುತ್ತ ಒಲೆಯ ಮುಂದೆ ಮಾತ್ರ ಅವಳು ನಿಲ್ಲಕೂಡದು. ಕಾಫಿಯನ್ನು ಬೇಕಾದರೆ ಬಂದವರೇ ಫ್ಲಾಸ್ಕಿನಲ್ಲಿ ತರಲಿ, ಅವಳಿಗೂ ಒಂದು ಲೋಟ ಹೆಚ್ಚಾಗಿ.